ತಣ್ಣನೆಯ ಬಟ್ಟೆಗಂಟು

ಬಟ್ಟೆಗಂಟಿನ ಮೇಲೆ ರಕ್ತ ಕಂಡಾಗ ಅಕ್ಕ ಮೊದಲು ಹೆದರಲಿಲ್ಲ. ನಾಯಿಮರಿಗೆ ಹಾಲುಹಲ್ಲು ಬೀಳುವ ಕಾಲ. ಒಸಡಿನ ನವೆ ತಾಳಲಾರದೆ ಅದು ಕುರ್ಚಿಯ ಕಾಲು, ಚಪ್ಪಲಿ, ಹೊಲಿಗೆಗೆ ಬಂದ ಗಿರಾಕಿಗಳ ಚೀಲ ಯಾವುದನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಅವಳು ಹೊಲಿಗೆಮೇಜಿನ ಕೆಳಗಿನ ಚೂರುಬಟ್ಟೆಯನ್ನು ತಿರುಚಿ, ಗಂಟು ಹಾಕಿ, ನೆನೆಸಿ, ಫ್ರಿಜ್ಜಿನಲ್ಲಿಟ್ಟು ಕೊಟ್ಟಿದ್ದಳು. ಈಗ ಗಂಟು ಎತ್ತಿ ಬಿಡಿಸಿ ನೋಡಿದಳು. ಅದು ಬೆಳಿಗ್ಗೆ ಅಳತೆಗೆಂದು ಗುಂಡುಸೂಜಿ ಚುಚ್ಚಿಟ್ಟಿದ್ದ ರವಿಕೆ ತೋಳಿನ ತುಂಡು. ಚುಚ್ಚಿದ ತೂತಿತ್ತು, ಗುಂಡುಸೂಜಿ ಇರಲಿಲ್ಲ.

ಕೈಗೆ ಸಿಕ್ಕಿದ್ದಕ್ಕೆ ಸೂಜಿ ಚುಚ್ಚಿ ಮರೆಯುವುದು ಅವಳ ಹಳೇ ಚಾಳಿ. ನಿನ್ನ ಪಕ್ಕ ಕೂರುವುದೂ ಒಂದೇ, ಮುಳ್ಳುಹಂದಿ ಪಕ್ಕ ಕೂರುವುದೂ ಒಂದೇ ಎಂದು ತಂಗಿ ರೇಗಿಸುತ್ತಿದ್ದಳು. ಅದು ತಂಗಿ ನಗುತ್ತಿದ್ದ ಕಾಲ. ಹೊಟ್ಟೆಯಲ್ಲಿದ್ದ ಕೂಸು ಉಳಿಯದೆ ಹೋದ ಮೇಲೆ ಅಕ್ಕನ ಮನೆಯ ಮಹಡಿ ಕೋಣೆ ಸೇರಿದವಳು ಮತ್ತೆ ಕೆಳಗಿಳಿದದ್ದು ಈ ಮರಿಗಾಗಿಯೇ. ದಿನವೂ ಬೆರಳಿಗೆ ಒದ್ದೆಬಟ್ಟೆ ಸುತ್ತಿ ಅದರ ಹಲ್ಲುಜ್ಜುವಾಗ ಅವಳ ಬಾಯಿಂದ ನಾಲ್ಕು ಮಾತು ಬರುತ್ತಿದ್ದವು, ಅವೂ ಮರಿಯ ಜೊತೆಗೆ.

ಅಕ್ಕ ಬಾಯಿ ತೆರೆಸಲು ನೋಡಿದಳು. ಮರಿ ಗುರ್ರೆಂದು ಹಿಂದೆ ಸರಿಯಿತು. ತಂಗಿಗೆ ತಿಳಿಯದಂತೆ ಬುಟ್ಟಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಲೇ? ದಾರಿಯಲ್ಲಿ ಅದು ನುಂಗಿಬಿಟ್ಟರೆ? ಅದು ಬಾಯಿ ಬಿಡುವುದು ಒಬ್ಬಳ ಕೈಗೆ ಮಾತ್ರ. ಮೆಟ್ಟಿಲ ಬುಡದಲ್ಲಿ ನಿಂತು ತಂಗಿಯನ್ನು ಕೂಗಿದಳು.

ಇಳಿದು ಬಂದ ತಂಗಿಗೆ ನಡೆದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ತಂಗಿ ಕೈ ತೊಳೆದು ಬಂದು, ಮರಿಯನ್ನು ಮಡಿಲಿಗೆಳೆದುಕೊಂಡು, ದಿನದಂತೆಯೇ ಮಾತಾಡಿಸುತ್ತ ಅದರ ತುಟಿ ಮೇಲೆತ್ತಿದಳು. ಅಕ್ಕ ಹಿಡಿದ ಟಾರ್ಚಿನ ಬೆಳಕು ಗೋಡೆಯ ಮೇಲೆಲ್ಲ ಓಡಾಡುತ್ತಿತ್ತು.

"ನೆಟ್ಟಗೆ ಹಿಡಿ."

ಒಳಗೆ, ಅಲುಗಾಡುವ ಹಾಲುಹಲ್ಲೊಂದರ ಬುಡದಲ್ಲಿ, ಸೂಜಿಯ ಬಿಳಿ ತಲೆ ತಾನೂ ಒಂದು ಹಲ್ಲೆಂಬಂತೆ ಕೂತಿತ್ತು. ತಂಗಿ ಉಗುರಲ್ಲಿ ಹಿಡಿದು ಎಳೆದಳು. ಸೂಜಿ ಬಂತು, ಹಿಂದೆಯೇ ಹಲ್ಲೂ ಉದುರಿತು. ಮರಿ ಕುಂಯ್‌ಗುಟ್ಟಿತು.

"ಒಂದೇ ಇತ್ತಾ?"

ಹೌದು ಅಂದುಬಿಡೋಣ ಅನಿಸಿತು ಅಕ್ಕನಿಗೆ. "ಗೊತ್ತಿಲ್ಲ ಕಣೇ," ಎಂದಳು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಎಕ್ಸ್‌ರೇ ತೆಗೆಯುತ್ತಿರುವಾಗ ಹೊರಗಿನ ಬೆಂಚಿನಲ್ಲಿ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಕೊನೆಗೆ ಅವರು ಬಂದು, ಗಂಟಲಲ್ಲೂ ಹೊಟ್ಟೆಯಲ್ಲೂ ಏನಿಲ್ಲ, ಒಸಡು ಮಾಯುವ ತನಕ ಹಲ್ಲುಜ್ಜಬೇಡಿ, ಮೆತ್ತಗಿನದು ತಿನ್ನಿಸಿ ಎಂದು ಮರಿಯನ್ನು ತಂಗಿಯ ಕೈಗೆ ಕೊಟ್ಟರು. ಬೀದಿಗೆ ಬಂದದ್ದೇ ತಂಗಿ ತಿರುಗಿ ನಿಂತಳು.

"ಬುದ್ಧಿ ಇದೆಯಾ ಅಕ್ಕಾ ನಿನಗೆ? ಹೇಳದೆ ಕೇಳದೆ ಬಾಯಿಗೆ ಏನು ಬೇಕಾದ್ರೂ ಕೊಡೋದಾ? ಇದೂ ಹೋಗಿಬಿಟ್ಟಿದ್ರೆ ನಾನೇನು ಮಾಡ್ಬೇಕಿತ್ತು?"

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ಸೂಜಿಗೆ ಬೈದಳು, ಮರೆವಿಗೆ ಬೈದಳು, ಕೂಸು ಹೋದ ದಿನ ತಾನು ಆಸ್ಪತ್ರೆಯಲ್ಲಿದ್ದಾಗ ಅಕ್ಕ ಹೊಲಿಗೆ ಮುಗಿಸಿ ತಡವಾಗಿ ಬಂದದ್ದಕ್ಕೆ ಬೈದಳು. ಈ ಕೊನೆಯದನ್ನು ಅವಳು ಈವರೆಗೆ ಬಾಯಿ ಬಿಟ್ಟು ಹೇಳಿರಲಿಲ್ಲ. ಎಷ್ಟೋ ದಿನದ ಮೇಲೆ ತಂಗಿಯ ಮಾತು ತನ್ನ ಕಡೆ ತಿರುಗಿತ್ತು, ಅಕ್ಕ ತಡೆಯಲಿಲ್ಲ. ಮನೆಗೆ ಹತ್ತಿರದ ತಿರುವು ಬಂದಾಗ ಅದನ್ನು ಬಿಟ್ಟು, ತಂಗಿಯ ಪಕ್ಕದಲ್ಲೇ, ಸುತ್ತಿನ ದಾರಿ ಹಿಡಿದಳು.