ಬ್ಯಾಂಜೋ ಕರಡಿಗೆ ಆಯುಧಪೂಜೆ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕರಡಿಯಿಂದಲೋ, ವಿರುಪಾಕ್ಷಪ್ಪನವರಿಂದಲೋ? ಕರಡಿಯಿಂದ ಶುರು ಮಾಡಿದರೆ ಮಕ್ಕಳ ಕಥೆ ಎಂದುಕೊಂಡು ಮೊಮ್ಮಕ್ಕಳ ಕೈಗೆ ಕೊಟ್ಟುಬಿಡುತ್ತೀರಿ. ಅವರು ಕನ್ನಡ ಓದುವುದಿಲ್ಲ, ಕಥೆ ಸೋಫಾದ ಸಂದಿ ಸೇರುತ್ತದೆ. ವಿರುಪಾಕ್ಷಪ್ಪನವರಿಂದ ಶುರು ಮಾಡಿದರೆ ‘ಅಮೆರಿಕಕ್ಕೆ ಬಂದ ಮುದುಕರ ಗೋಳು’ ಎಂದು ಪುಟ ತಿರುಗಿಸುತ್ತೀರಿ. ಗೋಳಿಲ್ಲ, ನನ್ನಾಣೆ.

೧

ಮಾರ್ಗನ್ ಹಿಲ್ಲಿನ ಬಂಗಾರದ ಗುಡ್ಡಗಳ ಮೇಲೆ ಸೂರ್ಯನು ತನ್ನ ಹೊಂಗಿರಣಗಳನ್ನು...

(ಹೊಡೆದು ಹಾಕಿದೆ. ಸೂರ್ಯ ತನ್ನ ಪಾಡಿಗೆ ತಾನು ಹುಟ್ಟಲಿ.)

೧, ಇನ್ನೊಂದು ಸಲ

ಮಾರ್ಗನ್ ಹಿಲ್ ದಾಟಿದರೆ ಫ್ರೀವೇ ಪಕ್ಕ ಒಂದು ತೋಟ. ಬೇಸಿಗೆಯಲ್ಲಿ ಚೆರ್ರಿ, ಅಕ್ಟೋಬರಿನಲ್ಲಿ ಕುಂಬಳಕಾಯಿ. ಊರೂರಿನ ಕಾರುಗಳು ಬಂದು ನಿಲ್ಲುತ್ತವೆ. ತೋಟದೊಳಗೆ ಕೊಟ್ಟಿಗೆಯಂಥ ಒಂದು ಮರದ ರಂಗ. ರಂಗದ ಮೇಲೆ ಮೂರು ಯಂತ್ರದ ಪ್ರಾಣಿಗಳು: ಬ್ಯಾಂಜೋ ಬಾರಿಸುವ ಕರಡಿ, ಪಿಟೀಲು ಕುಯ್ಯುವ ನರಿ, ಹಾಡುವ ಹಸು. ಮೂರಕ್ಕೂ ಕೌಬಾಯ್ ಟೋಪಿ. ಜನ ಒಳಗೆ ಬರುತ್ತಲೇ ಕಂಬದ ಮೇಲಿನ ಒಂದು ಗಾಜಿನ ಕಣ್ಣು ಅವರನ್ನು ಕಂಡು ಆಟ ಶುರು ಮಾಡುತ್ತದೆ. ಮೂರು ಹಾಡು, ಹನ್ನೊಂದು ನಿಮಿಷ.

ಈ ಪ್ರಾಣಿಗಳು ಆಡುವುದು ಗಾಳಿಯ ಒತ್ತಡದಿಂದ; ಬಸ್ಸಿನ ಬ್ರೇಕು ಹಿಡಿಯುವ ಹಾಗೆ. ವಿರುಪಾಕ್ಷಪ್ಪನವರು ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ನಲವತ್ತು ವರ್ಷ ಬ್ರೇಕು ನೋಡಿಕೊಂಡವರು. ಎರಡು ವರ್ಷದ ಹಿಂದೆ ಸೊಸೆ ಮಾಧುರಿಯ ಜೊತೆ ಕುಂಬಳಕಾಯಿ ಕೊಳ್ಳಲು ಬಂದವರಿಗೆ ಹಸುವಿನ ದವಡೆಯಿಂದ ‘ಸ್ಸ್’ ಎಂದು ಕೇಳಿತು. ತೋಟದ ಯಜಮಾನಿ ಮಾರಿಸೋಲ್ ಹತ್ತಿರ ಸನ್ನೆಯಲ್ಲೇ ಸೋಪಿನ ನೀರು ಕೇಳಿ, ಪೈಪಿಗೆ ಬಳಿದು, ಗಾಳಿ ಸೋರುವುದು ಇಲ್ಲೇ ಎಂದು ಗುಳ್ಳೆ ಎದ್ದ ಕಡೆ ಬೆರಳಿಟ್ಟು ತೋರಿಸಿದರು. ಅಂದಿನಿಂದ ಶುಕ್ರವಾರ, ಶನಿವಾರ ಇಲ್ಲೇ ಇರುತ್ತಾರೆ. ಮಾಧುರಿ ಪಾರ್ಕಿಂಗಿನಲ್ಲಿ, ಕಾರೊಳಗೆ ಕೂತು ಮೀಟಿಂಗು ಮುಗಿಸುತ್ತಾಳೆ.

೨

(ಈಗ ನೀವು ಕೇಳುತ್ತೀರಿ, ಇದರಲ್ಲಿ ಕಥೆ ಎಲ್ಲಿ ಎಂದು. ತಾಳಿ, ಬರುತ್ತಿದೆ.)

ಈಚೆಗೆ ಆಟ ನಡುವೆ ನಿಂತುಹೋಗುತ್ತಿತ್ತು. ಮಾರಿಸೋಲ್ ಒಂದು ದಿನ ಕೈ ಒರೆಸಿಕೊಳ್ಳುತ್ತಾ ಬಂದು ಹೇಳಿದಳು: ಶನಿವಾರ ಮಧ್ಯಾಹ್ನದ ಆಟಕ್ಕೆ ತಾನೇ ಬಂದು ಕೂರುತ್ತಾಳೆ. ಮೂರು ಹಾಡೂ ನಿಲ್ಲದೆ ನಡೆದರೆ ಪ್ರಾಣಿಗಳು ಇಲ್ಲೇ ಉಳಿಯುವ ಬಗ್ಗೆ ಯೋಚಿಸುತ್ತಾಳೆ. ಇಲ್ಲದಿದ್ದರೆ ಸೋಮವಾರ ಲಾರಿ ಬರುತ್ತದೆ, ರಂಗದ ಜಾಗದಲ್ಲಿ ಕಾಫಿ ಕೌಂಟರು.

ವಿರುಪಾಕ್ಷಪ್ಪನವರು ಆ ದಿನ ಎರಡೇ ಚಪಾತಿ ತಿಂದು ಎದ್ದರು. ಅವರದು ಐದು ಚಪಾತಿಯ ಹೊಟ್ಟೆ.

೩

ಶುಕ್ರವಾರ ಆಯುಧಪೂಜೆ; ಮರುದಿನ ಮಧ್ಯಾಹ್ನದವರೆಗೆ ರಂಗ ಮುಚ್ಚಿತ್ತು. ಬೆಳಗ್ಗೆ ಬಂದವರೇ ಪೈಪುಗಳನ್ನೆಲ್ಲ ನೋಡಿ, ಸೋರುವ ಎರಡು ಜೋಡಣೆ ಬಿಗಿದು, ಕೈ ತೊಳೆದು ಪೂಜೆಗೆ ನಿಂತರು. ಗಾಳಿ ತುಂಬುವ ಕಂಪ್ರೆಸರಿಗೆ ವಿಭೂತಿ, ಟೋಪಿಗಳಿಗೆ ಚೆಂಡುಹೂ, ಕರಡಿಯ ಬಲಗಾಲಿನಡಿ ನಿಂಬೆಹಣ್ಣು. ಎಲ್ಲಕ್ಕೂ ಗಂಧ, ಗಂಧದ ಮೇಲೆ ಕುಂಕುಮ. ಡಿಪೋದಲ್ಲಿ ಹೆಡ್‌ಲೈಟಿಗೂ ಹಚ್ಚುತ್ತಿದ್ದರಲ್ಲ, ಅದೇ ಅಭ್ಯಾಸದಲ್ಲಿ ಕಂಬದ ಮೇಲಿನ ಗಾಜಿನ ಕಣ್ಣಿಗೂ ದೊಡ್ಡದೊಂದು ಬೊಟ್ಟಿಟ್ಟರು. ಕಣ್ಣು ಮುಚ್ಚಿತು.

“ಏನ್ರಿ ಅಕ್ಕಾರ!” ವಿರುಪಾಕ್ಷಪ್ಪನವರು ಕಥೆಯಿಂದ ಹೊರಗೆ, ಬರೆಯುತ್ತಿದ್ದ ನನ್ನ ಮೇಲೇ ಏರಿ ಬಂದರು. “ನಲವತ್ತು ವರ್ಷದ ಮೆಕ್ಯಾನಿಕ್ ಅದೀನಿ. ನನ್ನ ಕೈಲೆ ಇಂಥಾ ತಪ್ಪು ಮಾಡಸ್ತೀರೇನು?”

“ನಾನೆಲ್ಲಿ ಮಾಡಿಸ್ದೆ ವಿರುಪಾಕ್ಷಪ್ಪನೋರೆ? ಗಂಧ ತೇಯ್ದು ತಂದೋರು ನೀವು.”

“ಹಂಗಾರ ಆ ನರೀ ಕೈಲೆ ಹಚ್ಚಸ್ರಿ.”

“ನರಿ ಕೈ ಪಿಟೀಲಿಗೆ ಸ್ಕ್ರೂ ಹಾಕೈತೆ. ನೀವೇ ಅಲ್ವಾ ಬಿಗಿದಿದ್ದು?”

ಅವರು ಗೊಣಗುತ್ತಾ ಕಥೆಯೊಳಗೆ ವಾಪಸು ಹೋದರು; ಒಳಗೆ ಕಾಲಿಟ್ಟದ್ದೇ ಕಣ್ಣಿನ ಮಾತು ಮರೆತರು.

೪

ಶನಿವಾರ, ಮಧ್ಯಾಹ್ನ. ಬೆಂಚು ತುಂಬ ಜನ, ಮುಂದಿನ ಸಾಲಿನಲ್ಲಿ ಮಾರಿಸೋಲ್. ಕರಡಿ ಅಲ್ಲಾಡಲಿಲ್ಲ. ಹಸು ಬಾಯಿ ತೆರೆಯಲಿಲ್ಲ. ವಿರುಪಾಕ್ಷಪ್ಪನವರು ಸೋಪಿನ ಬಕೆಟ್ಟು ಹಿಡಿದು ಹಿಂದಕ್ಕೆ ಓಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

“ಏರ್ ಓಕೆ ಮೇಡಂ! ಆಲ್ ಓಕೆ!” ಎಂದು ಅಲ್ಲಿಂದಲೇ ಕೂಗಿದರು.

“ದೆನ್ ವೈ ನೋ ಮ್ಯೂಸಿಕ್, ವಿರು?” ಎಂದಳು ಮಾರಿಸೋಲ್.

ಕಿವಿಯಲ್ಲಿ ಮೀಟಿಂಗು ಇಟ್ಟುಕೊಂಡೇ ಬಂದ ಮಾಧುರಿ ಕಂಬವನ್ನು ನೋಡಿದಳು. “ಮಾವ, ಸೆನ್ಸರ್ ಮೇಲೆ ಏನದು?”

“ಕುಂಕುಮ.”

“ಅದಕ್ಕೇ ಆನ್ ಆಗ್ತಿಲ್ಲ! ತಗೊಳ್ಳಿ, ವೆಟ್ ವೈಪು. ಎರಡು ಸೆಕೆಂಡಿನ ಕೆಲಸ.”

“ವಿಜಯದಶಮಿ ದಿನ ಕುಂಕುಮ ಅಳಸ್ತಾರೇನವಾ? ಅದೂ ಕೂಸಿನ ಮುಕಳಿ ಒರಸೂ ಅರಿವೀಲೆ?”

“ಮಾವ! ನಾನು ಮ್ಯೂಟ್‌ನಲ್ಲಿಲ್ಲ!”

ಪ್ರಾಣಿಗಳು ಉಳಿಯಬೇಕಾದರೆ ಕುಂಕುಮ ಹೋಗಬೇಕು. ಕುಂಕುಮ ಒರೆಸಿ ಉಳಿಸಿಕೊಂಡ ಪ್ರಾಣಿಗಳ ಮುಖ ನೋಡಲು ವಿರುಪಾಕ್ಷಪ್ಪನವರಿಂದ ಆಗದು. ಜನ ಫೋನು ತೆಗೆದರು. ಮಾರಿಸೋಲ್ ಗಡಿಯಾರ ನೋಡಿಕೊಂಡಳು.

೫

ಇಲ್ಲಿಂದ ಮುಂದಕ್ಕೆ ನನ್ನ ಬಳಿ ಮೂರು ಅಂತ್ಯಗಳಿದ್ದವು.

ಒಂದರಲ್ಲಿ, ಮಾವ ಆ ಕಡೆ ತಿರುಗಿದಾಗ ಮಾಧುರಿ ಒರೆಸಿಬಿಡುತ್ತಾಳೆ. (“ಆಂಟಿ, ಪ್ಲೀಸ್, ನನ್ನ ವಿಲನ್ ಮಾಡ್ಬೇಡಿ. ಸಂಜೆ ಮಾವನ ಜೊತೆ ಒಂದೇ ಟೇಬಲ್ಲಲ್ಲಿ ಊಟ ಮಾಡ್ಬೇಕಿರೋದು ನಾನು, ನೀವಲ್ಲ.”) ಸರಿ, ಬಿಟ್ಟೆ.

ಇನ್ನೊಂದರಲ್ಲಿ, ಎಲ್ಲಿಂದಲೋ ಗಾಳಿ ಬೀಸಿ ಕುಂಕುಮ ಹಾರಿಹೋಗುತ್ತದೆ. ಹಸಿ ಗಂಧಕ್ಕೆ ಅಂಟಿ ಒಣಗಿದ್ದು ಹಾರುತ್ತದೆಯೇ? ದೇವರು ಮನಸ್ಸು ಮಾಡಿದರೂ ನೀವು ನಂಬುವುದಿಲ್ಲ.

ಮೂರನೆಯದರಲ್ಲಿ ಸೋಮವಾರ, ಲಾರಿ. ಎರಡು ಪುಟ ಚೆನ್ನಾಗಿಯೇ ಬಂದಿತ್ತು. ಕರಡಿಯನ್ನು ಹಗ್ಗದಲ್ಲಿ ಬಿಗಿಯುವ ಕಡೆ ಬಂದಾಗ ಹರಿದು ಹಾಕಿದೆ. ಸಾಹಿತ್ಯಕ್ಕೆ ನಷ್ಟವಾಗಿದ್ದರೆ ಕ್ಷಮಿಸಿ.

೬

ನಡೆದದ್ದು ಬೇರೆ. ನಾನು ಮುಂದೇನು ಎಂದು ಯೋಚಿಸುತ್ತಿರುವಾಗಲೇ ವಿರುಪಾಕ್ಷಪ್ಪನವರು ನನ್ನನ್ನು ಕೇಳದೆ ಚಪ್ಪಲಿ ಬಿಟ್ಟು ಕಂಬದ ಹತ್ತಿರ ಹೋದರು. ಕೈ ಮುಗಿದರು. ಉಂಗುರದ ಬೆರಳಿನಿಂದ ಗಾಜಿನ ಮೇಲಿನ ಕುಂಕುಮ ತೆಗೆದು ತಮ್ಮ ಹಣೆಗೆ ಇಟ್ಟುಕೊಂಡರು.

“ಒರಸಲಿಲ್ಲ ನೋಡವಾ, ಮಾಧುರಿ,” ಎಂದರು. “ಪ್ರಸಾದ ತಗೊಂಡೆ. ಬಾ, ನೀನೂ ಹಚ್ಚಿಕೊ.”

ಮಾಧುರಿ ಹಚ್ಚಿಕೊಂಡಳು. ಗಾಜಿನ ಮೇಲೆ ಇನ್ನೂ ಅರ್ಧ ಬೊಟ್ಟು ಉಳಿದಿತ್ತು.

“ಇಸ್ ಇಟ್ ಎ ಬ್ಲೆಸಿಂಗ್?” ಎಂದು ಮಾರಿಸೋಲ್ ಎದ್ದು ಬಂದು ಹಣೆ ಒಡ್ಡಿದಳು. ಅವಳ ಹಿಂದೆ ಸ್ಯಾನ್ ಹೋಸೆಯ ಒಂದು ಇಡೀ ಕುಟುಂಬ ಸಾಲು ನಿಂತಿತು. (ಇದು ನಾನು ಬರೆದದ್ದಲ್ಲ, ತಾವಾಗಿಯೇ ನಿಂತರು.) ಆರನೆಯ ಹಣೆಗೆ ಗಾಜು ತಿಳಿಯಾಯಿತು. ಕಣ್ಣು ಅವರೆಲ್ಲರನ್ನೂ ಒಟ್ಟಿಗೇ ಕಂಡಿತು, ಬ್ಯಾಂಜೋ ಗುಡುಗಿತು, ಎಲ್ಲರೂ ಬೆಂಚಿಗೆ ಓಡಿದರು. ಕರಡಿ ತಾಳಕ್ಕೆ ಕಾಲು ಕುಟ್ಟಿದ್ದೇ ನಿಂಬೆಹಣ್ಣು ಒಡೆದು ಮುಂದಿನ ಸಾಲಿಗೆ ಸಿಡಿಯಿತು. ಮಾರಿಸೋಲ್ ಕನ್ನಡಕ ಒರೆಸಿಕೊಂಡು ಬಿದ್ದು ಬಿದ್ದು ನಕ್ಕಳು.

ಮೊದಲ ಹಾಡು ನಿಲ್ಲದೆ ಮುಗಿಯಿತು. ಎರಡನೆಯದೂ. ಈಗ ಮೂರನೆಯದು ನಡೆಯುತ್ತಿದೆ, ಹಸು ಎತ್ತರದ ಸ್ವರಕ್ಕೆ ಏರುತ್ತಿದೆ.

“ವಾಟ್ ಡು ಯು ಥಿಂಕ್?” ಎಂದು ಮಾಧುರಿ ಪಿಸುಗುಟ್ಟಿದಳು.

“ಲೆಟ್ ಇಟ್ ಫಿನಿಶ್. ದೆನ್ ಐ ವಿಲ್ ಟೆಲ್ ಯು,” ಎಂದಳು ಮಾರಿಸೋಲ್.

೭

“ಅಕ್ಕಾರ, ಪೆನ್ನು ಕೆಳಗಿಡ್ರಿ,” ಎಂದರು ವಿರುಪಾಕ್ಷಪ್ಪನವರು. “ಹಾಡ ಮುಗಸಬ್ಯಾಡ್ರಿ.”

“ಯಾಕೆ? ಚೆನ್ನಾಗೇ ನಡೀತಾ ಐತಲ್ಲ.”

“ಅದಕ್ಕ ಹೇಳಾಕತ್ತೀನಿ. ಮುಗೀತಂದ್ರ ಆಕಿ ಬಾಯಿ ತೆಗೀತಾಳ. ಹೂಂ ಅಂತಾಳೋ ಊಹೂಂ ಅಂತಾಳೋ, ನಿಮಗರ ಗೊತ್ತೈತೇನು?”

ನನಗೆ ಗೊತ್ತಿಲ್ಲ. ಬೇಕೆಂದರೆ ಹೂಂ ಅನ್ನಿಸಬಹುದು, ಕಾಗದ ನನ್ನದು. ಆದರೆ ಅವಳಿಂದ ಅನ್ನಿಸಿದ ಹೂಂ ಆಗುತ್ತದೆಯೇ ಹೊರತು ಅವಳು ಅಂದದ್ದಾಗುವುದಿಲ್ಲ.

“ಓದೋರು ಬೈತಾರೆ ವಿರುಪಾಕ್ಷಪ್ಪನೋರೆ. ನಾನು ಬರೆಯೋದು ಕಲಿತ ರಾತ್ರಿ ಶಾಲೆ ಮೇಷ್ಟ್ರು ಕಥೆಗೆ ಕೊನೆ ಬೇಕೇ ಬೇಕು ಅಂತ ಕಲಿಸಿದ್ರು.”

“ಬೈಲಿ ಬಿಡ್ರಿ. ಕುಂತಾರಲ್ಲ, ಒಬ್ಬರರ ಎದ್ದಾರೇನು ನೋಡ್ರಿ?”

ನೋಡಿದೆ. ಯಾರೂ ಎದ್ದಿಲ್ಲ. ಹಸುವಿನ ಬಾಯಿ ತೆರೆದೇ ಇದೆ, ವಿರುಪಾಕ್ಷಪ್ಪನವರ ಕಾಲು ತಾಳ ಹಾಕುತ್ತಿದೆ, ಮಾಧುರಿಯ ಮೀಟಿಂಗಿನವರು ಆ ಕಡೆಯಿಂದ ಇದೇನು ಹಾಡು ಎಂದು ಕೇಳುತ್ತಿದ್ದಾರೆ. ನೀವೇಕೆ ನಿಂತಿದ್ದೀರಿ? ಬನ್ನಿ. ಈ ಬೆಂಚಿನವರು ಸ್ವಲ್ಪ ಒತ್ತಿಕೊಂಡು ಕೂರುತ್ತಾರೆ.