ಯುಫೆನ್ ಜಾಗದಲ್ಲಿ ಲೀಹಾನ್

ಬೆರಳು ಮುರಿದದ್ದಕ್ಕಿಂತ ಹೆಚ್ಚಾಗಿ ಯುಫೆನ್‌ಳನ್ನು ನೋಯಿಸಿದ್ದು ಅವಳ ತಂಡದ ಡ್ರಮ್ಮರ್ ಆ-ಗುವೋನ ಬಾಯಿ. ಡ್ರಮ್ ಬಾರಿಸುವವರಿಗೆ ಕೈಕಾಲು ಎಷ್ಟು ಚುರುಕೋ ನಾಲಗೆ ಅಷ್ಟೇ ಮಂದ ಎಂದು ಅವಳು ಹತ್ತೊಂಬತ್ತು ವರ್ಷದಿಂದ ನಂಬಿಕೊಂಡು ಬಂದಿದ್ದಳು. ಆ ನಾಲಗೆಗೆ ಈಗ ಎಲ್ಲಿಂದ ಜೀವ ಬಂತೋ ಏನೋ, ಬಂದು ಕೂತಾಗಲೆಲ್ಲ ಲೀಹಾನ್ ಹಾಗೆ, ಲೀಹಾನ್ ಹೀಗೆ.

ಹೊಸ ವರ್ಷದ ಹಬ್ಬ ಮುಗಿದ ವಾರವೇ ಅವಘಡವಾದದ್ದು. ಬಂದರು ನಗರ ಕಾವೋಶಿಯುಂಗ್‌ನ ಮೀನು ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಸ್ಕೂಟರ್ ಜಾರಿತು. ಬೆನ್ನಿಗೆ ಬೇಸ್ ಗಿಟಾರ್ ಕಟ್ಟಿಕೊಂಡಿದ್ದಳಲ್ಲ, ಅದು ನೆಲಕ್ಕೆ ತಾಗಬಾರದೆಂದು ಬೀಳುವಾಗಲೇ ಮಗ್ಗುಲು ತಿರುಗಿಸಿದಳು. ಗಿಟಾರಿಗೆ ಒಂದು ಗೀರೂ ಬೀಳಲಿಲ್ಲ. ಎಡಗೈ ಉಂಗುರದ ಬೆರಳು ಮಾತ್ರ ಎರಡು ಕಡೆ ಮುರಿಯಿತು. ಡಾಕ್ಟರು ಒಳಗೆ ತಂತಿ ತೂರಿಸಿ, ಮೂರು ತಿಂಗಳು ಬೇರೆ ಯಾವ ತಂತಿಯನ್ನೂ ಮುಟ್ಟಬೇಡಿ ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಯುಫೆನ್‌ಗೆ ನಗು ಬರಲಿಲ್ಲ. ಸರಿಯಾಗಿ ಹನ್ನೆರಡು ವಾರಕ್ಕೆ ಬಂದರಿನ ದೊಡ್ಡ ವೇದಿಕೆಯಲ್ಲಿ ಅವಳ ತಂಡದ ಕಾರ್ಯಕ್ರಮವಿತ್ತು. 'ಉಪ್ಪುಗಾಳಿ' ಎಂದು ತಂಡದ ಹೆಸರು. ಊರಿನ ನೆಲಮಾಳಿಗೆಗಳಲ್ಲಿ, ನಲವತ್ತು ಜನ ನಿಂತರೆ ಉಸಿರು ಕಟ್ಟುವ ಕೋಣೆಗಳಲ್ಲಿ ನುಡಿಸಿ ನುಡಿಸಿ ಕೂದಲು ನರೆತ ಮೇಲೆ, ಸ್ವಂತ ಊರು ಮೊದಲ ಸಲ ಅವರನ್ನು ಬಿಸಿಲಿಗೆ ಕರೆದಿತ್ತು.

ಬದಲಿಗೆ ಒಬ್ಬರು ಬೇಕೆಂದಾಗ ಲೀಹಾನ್‌ಳ ಫೋನ್ ನಂಬರ್ ಕೊಟ್ಟವಳು ಯುಫೆನ್ನೇ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಪಿಂಗ್ಟುಂಗ್ ಕಡೆಯವಳು. ಒಮ್ಮೆ ಯಾವುದೋ ಕಾರ್ಯಕ್ರಮದಲ್ಲಿ ಅವಳು ಬೇಸ್ ನುಡಿಸುವುದನ್ನು ಯುಫೆನ್ ಕೇಳಿದ್ದಳು. ಕೈ ಚುರುಕು, ಆದರೆ ಸುಮ್ಮನಿರಲು ಬಾರದು. ಒಂದು ಸ್ವರ ಸಾಕಾದಲ್ಲಿ ಆರು ಸ್ವರ ಸುರಿಯುತ್ತಿದ್ದಳು. ಇವಳಾದರೆ ತನ್ನ ಜಾಗಕ್ಕೆ ಭಯವಿಲ್ಲ ಎಂದುಕೊಂಡೇ ಯುಫೆನ್ ನಂಬರ್ ಕೊಟ್ಟಿದ್ದು. ಅಷ್ಟು ಲೆಕ್ಕಾಚಾರ ಮಾಡುವಷ್ಟು ಬುದ್ಧಿ ಅವಳಿಗಿತ್ತು, ಸುಳ್ಳೇಕೆ ಹೇಳಲಿ.

ಆ-ಗುವೋ ಪ್ರತಿ ಗುರುವಾರ ಬೆಳಗ್ಗೆ ಯುಫೆನ್‌ಳ ಅಮ್ಮನ ಮೀನು ಗಂಜಿಯ ಅಂಗಡಿಗೆ ಬರುತ್ತಿದ್ದ. ಯುಫೆನ್ ಒಂದೇ ಕೈಯಲ್ಲಿ ಗಂಜಿ ಬಡಿಸುತ್ತಿದ್ದಳು. ಇವನು ಉಣ್ಣುತ್ತ ವರದಿ ಒಪ್ಪಿಸುತ್ತಿದ್ದ. ಹುಡುಗಿ ಎಲ್ಲರಿಗಿಂತ ಮುಂಚೆ ಬರುತ್ತಾಳಂತೆ. ಒಂದು ಸಲ ಕೇಳಿಸಿದರೆ ಸಾಕಂತೆ, ಹಾಡು ಬೆರಳಿಗೆ ಬಂದುಬಿಡುತ್ತದಂತೆ. ಎರಡನೆಯ ಹಾಡಿನ ಕೊನೆಯಲ್ಲಿ ಅವಳು ನುಡಿಸುವುದನ್ನು ಕೇಳಿ ಗಿಟಾರಿನವರಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತರಂತೆ. ಮೂರು ಮಹಡಿ ಮೆಟ್ಟಿಲಿಗೆ ಸಾಮಾನನ್ನೆಲ್ಲ ತಾನೇ ಹೊರುತ್ತಾಳಂತೆ.

"ಒಳ್ಳೆ ಹುಡುಗೀನ ಹುಡುಕಿಕೊಟ್ಟೆ ಕಣೇ," ಎನ್ನುತ್ತಿದ್ದ. "ಇನ್ನೊಂದು ಚೂರು ಶುಂಠಿ ಹಾಕು."

ಯುಫೆನ್ ಶುಂಠಿ ಹಾಕುತ್ತಿದ್ದಳು. ಹಾಕುವಾಗ ಅವನ ಗಂಟಲಲ್ಲಿ ಮೀನಿನ ಮುಳ್ಳಾದರೂ ಸಿಕ್ಕಿಕೊಳ್ಳಬಾರದೇ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಅಲ್ಲ, ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ತನ್ನನ್ನು ಹೊಗಳಿದ್ದೆಷ್ಟು ಸಲ? ಒಂದೇ ಒಂದು ಸಲ. ತಾಯ್‌ಚುಂಗ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೆ, "ಇವತ್ತು ಪರವಾಗಿಲ್ಲ" ಅಂದಿದ್ದ. ಅದು ಯಾವ ವರ್ಷ, ತಾನು ಯಾವ ಅಂಗಿ ಹಾಕಿದ್ದೆ, ಎಲ್ಲ ಅವಳಿಗೆ ನೆನಪಿತ್ತು. ಈ ಹುಡುಗಿಗೆ ವಾರಕ್ಕೊಂದು ಹಾರ!

ಹತ್ತನೆಯ ವಾರದ ಹೊತ್ತಿಗೆ ಬೆರಳು ಮಡಚತೊಡಗಿತು. ಯುಫೆನ್ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂತಳು. ಇಷ್ಟು ವಾರಗಳಲ್ಲಿ ಬೆರಳ ತುದಿಯ ಗಟ್ಟಿ ಚರ್ಮವೆಲ್ಲ ಮಗುವಿನ ಕೆನ್ನೆಯ ಹಾಗೆ ಮೆತ್ತಗಾಗಿತ್ತು. ದಪ್ಪ ತಂತಿ ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಹನ್ನೊಂದನೆಯ ವಾರಕ್ಕೆ ಕಾರ್ಯಕ್ರಮದ ಆರೂ ಹಾಡು ಹಿಡಿತಕ್ಕೆ ಬಂದವು. ಆ ಗುರುವಾರ ಅವಳು ಆ-ಗುವೋನ ಮುಂದೆ ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ ತೋರಿಸಿದಳು.

ಅವನು ಬಟ್ಟಲಿನಿಂದ ತಲೆ ಎತ್ತಲೂ ಇಲ್ಲ. "ಈ ಸಲ ಲೀಹಾನೇ ನುಡಿಸ್ಲಿ ಬಿಡು. ಅವಳು ತಯಾರಾಗಿದ್ದಾಳೆ. ನೀನು ಬೆರಳು ನೋಡ್ಕೋ."

"ಅಯ್ಯೋ, ಅದಕ್ಕೇನಂತೆ," ಎಂದಳು ಯುಫೆನ್.

"ನಿನ್ನ ಅತ್ತೇನ ಮಾತ್ರ ಕಳಿಸ್ಕೊಡು."

ಅತ್ತೆ ಎಂದರೆ ಅವಳ ಆಂಪ್, ಗಿಟಾರಿನ ದನಿ ದೊಡ್ಡದು ಮಾಡುವ ಯಂತ್ರ. ಒಳಗೆ ಗಾಜಿನ ವಾಲ್ವುಗಳಿರುವ ಹಳೆಯ ಕಾಲದ ಭಾರದ ಪೆಟ್ಟಿಗೆ. ಯಾವಾಗ ಮುಖ ಊದಿಸಿಕೊಳ್ಳುತ್ತದೆಂದು ಯಾರಿಗೂ ಗೊತ್ತಾಗದು, ಅದಕ್ಕೇ ತಂಡದವರೆಲ್ಲ ಸೇರಿ ಇಟ್ಟ ಹೆಸರು. ಸ್ವಿಚ್ ಹಾಕಿ ಎರಡು ನಿಮಿಷ ಸುಮ್ಮನಿರಬೇಕು, ಅವಸರ ಮಾಡಿದರೆ ಕೆಮ್ಮುತ್ತದೆ. ಎಡಗಡೆ ಒಂದು ಗುದ್ದು ಬೇಕಾಗುತ್ತದೆ, ಅದೂ ಹದವಾಗಿ. ಇಷ್ಟೆಲ್ಲ ಉಪಚಾರ ಮಾಡಿದರೂ ಮೂರು ಕಾರ್ಯಕ್ರಮಕ್ಕೊಮ್ಮೆ ನಡುವೆ ಕೈಕೊಡುತ್ತದೆ. ಆದರೆ ಮನಸ್ಸು ಮಾಡಿ ಹಾಡಿತೋ, ಕೇಳುವವರ ಅಂಗಾಲಿನಿಂದ ನಾದ ಹತ್ತಿ ಬರುತ್ತದೆ. ಅಂಥದ್ದನ್ನು ಪರರ ಕೈಗೆ ಹೇಗೆ ಬಿಡುವುದು? ತಾನೇ ತಂದು, ತಾನೇ ಸಜ್ಜು ಮಾಡಿಕೊಡುತ್ತೇನೆ ಎಂದಳು ಯುಫೆನ್. ಎಷ್ಟು ದೊಡ್ಡ ಮನಸ್ಸು ಎಂದು ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ದೊಡ್ಡ ಮನಸ್ಸಂತೆ! ಇರುಳೆಲ್ಲ ಹೊಟ್ಟೆ ಉರಿದು ಎದ್ದು ಎದ್ದು ನೀರು ಕುಡಿಯುತ್ತಿದ್ದವಳ ಮನಸ್ಸು ಅಮ್ಮನಿಗೇನು ಗೊತ್ತು.

ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಬಿಸಿಲಿಗೆ ಬಂದರಿನ ಕಟ್ಟೆ ಕಾದಿತ್ತು. ಹಳೆಯ ಗೋದಾಮುಗಳ ನೆರಳಿನಲ್ಲಿ ಜನ ಚಾಪೆ ಹಾಸಿ, ಪಪಾಯ ಹಾಲು ಹೀರುತ್ತ ಕೂತಿದ್ದರು. ಯುಫೆನ್ ವೇದಿಕೆಯ ಮೇಲೆ ಆಂಪ್ ಜೋಡಿಸಿದಳು. ಲೀಹಾನ್ ಬಂದು ಬಗ್ಗಿ ನಮಸ್ಕಾರ ಮಾಡಿ, "ನಾನು ಏನಾದ್ರೂ ಹಿಡ್ಕೊಳ್ಳಲಾ ಅಕ್ಕ?" ಎಂದು ಕೇಳಿದಳು. ಬೇಡ ಎಂದಳು ಯುಫೆನ್. ಹುಡುಗಿಯ ಮುಖ ಚೆನ್ನಾಗಿತ್ತು, ಅದೂ ಒಂದು ಸಿಟ್ಟು.

ಇನ್ನುಳಿದದ್ದು ಪೊಟ್ಟಣ. ಆ ಊರಿನಲ್ಲಿ ಪೊಟ್ಟಣವಿಲ್ಲದೆ ಯಾವ ಯಂತ್ರವನ್ನೂ ಯಾರೂ ನಂಬುವುದಿಲ್ಲ. ಬ್ಯಾಂಕಿನ ಕಂಪ್ಯೂಟರಿನ ಮೇಲೆ, ಆಸ್ಪತ್ರೆಯ ಯಂತ್ರದ ಮೇಲೆ, ಟಿಕೆಟ್ ಕೊಡುವ ಪೆಟ್ಟಿಗೆಯ ಮೇಲೆ, ಎಲ್ಲೆಲ್ಲೂ ತೆಂಗಿನಕಾಯಿ ರುಚಿಯ ಕುರುಕಲಿನ ಒಂದು ಹಸಿರು ಪೊಟ್ಟಣ ಕೂತಿರುತ್ತದೆ. ಅದಿದ್ದರೆ ಯಂತ್ರ ಹೇಳಿದ ಮಾತು ಕೇಳಿಕೊಂಡು ಇರುತ್ತದೆ. ಬಣ್ಣ ಹಸಿರೇ ಆಗಿರಬೇಕು. ಯಾರೂ ಬಿಚ್ಚಿ ತಿನ್ನಬಾರದು. ಮುಖ್ಯವಾಗಿ, ಮೇಲೆ ಅಚ್ಚಾದ ತಾರೀಖು ಮೀರಿರಬಾರದು. ಮೀರಿತೋ, ಯಂತ್ರ ತಿರುಗಿಬೀಳುತ್ತದೆ. ಓದಿದ ಇಂಜಿನಿಯರುಗಳೇ ನಂಬಿದ ಮೇಲೆ ಬೇಸ್ ನುಡಿಸುವವಳು ನಂಬುವುದೇನು ದೊಡ್ಡ ಮಾತು.

ಯುಫೆನ್‌ಳ ಚೀಲದಲ್ಲಿ ಎರಡು ಪೊಟ್ಟಣಗಳಿದ್ದವು. ಒಂದು ನಿನ್ನೆ ಕೊಂಡದ್ದು. ಇನ್ನೊಂದು ಬೆರಳು ಮುರಿಯುವ ಮೊದಲು ಅತ್ತೆಯ ತಲೆಯ ಮೇಲಿದ್ದದ್ದು, ಅದರ ತಾರೀಖು ಹೋದ ತಿಂಗಳೇ ಮುಗಿದಿತ್ತು. ಎಸೆಯಬೇಕೆಂದು ಇಟ್ಟುಕೊಂಡಿದ್ದಳು. ಚೀಲದೊಳಗೆ ಕೈ ಹೋಯಿತು, ಹಳೆಯದನ್ನೇ ಹಿಡಿದು ಬಂತು. ಅವಳು ಅದನ್ನು ಆಂಪ್ ಮೇಲೆ ನೆಟ್ಟಗೆ ಕೂರಿಸಿದಳು. ಯಾರಾದರೂ ಕೇಳಿದ್ದರೆ ಕನ್ನಡಕ ತಂದಿಲ್ಲ ಎನ್ನುತ್ತಿದ್ದಳು. ಆ ಸುಳ್ಳು ಆಗಲೇ ನಾಲಗೆಯ ತುದಿಯಲ್ಲಿತ್ತು. ಯಾರೂ ಕೇಳಲಿಲ್ಲ.

ಕಾರ್ಯಕ್ರಮ ಶುರುವಾಯಿತು. ಯುಫೆನ್ ವೇದಿಕೆಯ ಪಕ್ಕದಲ್ಲಿ ನಿಂತು ಕಾದಳು. ಮೊದಲ ಹಾಡಿಗೆ ಅತ್ತೆ ಕೈಕೊಡುವುದಿಲ್ಲ, ಅವಳಿಗೆ ಗೊತ್ತು. ಎರಡನೆಯದೂ ಹೋಯಿತು. ಮೂರನೆಯ ಹಾಡಿನಲ್ಲಿ ದಪ್ಪ ತಂತಿಯ ಸ್ವರವನ್ನು ಎಂಟು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಅಲ್ಲಿ ಅತ್ತೆ ಕೆಮ್ಮಿಯೇ ತೀರುತ್ತದೆ. ಬೇಡಪ್ಪ ಎನ್ನುವ ದನಿಯೂ ಅವಳ ಒಳಗೆಲ್ಲೋ ಇತ್ತು, ಆಗಲಿ ಎನ್ನುವ ದನಿ ಅದಕ್ಕಿಂತ ಜೋರಾಗಿತ್ತು. ಲೀಹಾನ್ ಸ್ವರ ಹಿಡಿದಳು. ನಾಲ್ಕು, ಐದು, ಆರು. ನಾದ ಕಟ್ಟೆಯ ಕಲ್ಲಿನಲ್ಲಿ ಇಳಿದು ಯುಫೆನ್‌ಳ ಅಂಗಾಲಿಗೆ ಬಂತು. ಏಳು, ಎಂಟು. ಕೆಮ್ಮಿಲ್ಲ, ಗೊರಕೆಯಿಲ್ಲ, ಜೇನು ಸುರಿದ ಹಾಗೆ.

ಅತ್ತೆಯೂ ಹೊಸ ಸೊಸೆಯ ಕಡೆ ಸೇರಿತು! ಹದಿನೇಳು ವರ್ಷ ಒರೆಸಿ, ಹೊತ್ತು, ಮಳೆಯಲ್ಲಿ ತಾನು ನೆನೆದು ಅದಕ್ಕೆ ಕೊಡೆ ಹಿಡಿದವಳಿಗೆ ಕೈಕೊಟ್ಟ ಮುದಿ ಪೆಟ್ಟಿಗೆ, ತಾರೀಖು ಮೀರಿದ ಪೊಟ್ಟಣ ಹೊತ್ತುಕೊಂಡು ನಿನ್ನೆ ಬಂದವಳಿಗೆ ಹಾಡುತ್ತಿತ್ತು. ಯುಫೆನ್‌ಗೆ ಮೈ ಪರಚಿಕೊಳ್ಳುವಂತಾಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹುಡುಗಿ ಈಗ ಆರು ಸ್ವರ ಸುರಿಯುತ್ತಿರಲಿಲ್ಲ. ಒಂದೇ ಸ್ವರ, ಅದೂ ಡ್ರಮ್ಮಿಗಿಂತ ಕೂದಲೆಳೆಯಷ್ಟು ತಡವಾಗಿ, ಹೊಸ್ತಿಲಲ್ಲಿ ನಿಂತು ಯೋಚಿಸಿ ಒಳಗೆ ಬಂದಂತೆ. ಅದು ಯುಫೆನ್‌ಳ ರೀತಿ. ಅವಳೊಬ್ಬಳದೇ. ಜಾಗ ಹೋಯಿತು, ಆಂಪ್ ಹೋಯಿತು, ಈಗ ಕೈಯನ್ನೂ ಕದ್ದಳಲ್ಲ ಕಳ್ಳಿ ಎಂದು ಹಲ್ಲು ಕಡಿದಳು.

ಆರು ಹಾಡು ಮುಗಿದಾಗ ಜನ ಎದ್ದು ನಿಂತು ಕೂಗುತ್ತಿದ್ದರು. ಬೆವರಿನಲ್ಲಿ ತೊಯ್ದ ಆ-ಗುವೋ ಇಳಿದು ಬಂದು, ನೋಡಿದೆಯಾ ಹುಡುಗೀನ ಎಂದು ಯುಫೆನ್‌ಳನ್ನು ಕೇಳಿ, ಉತ್ತರಕ್ಕೂ ಕಾಯದೆ ನೀರು ಹುಡುಕಿಕೊಂಡು ಹೋದ.

ಮುಂದಿನ ತಂಡಕ್ಕೆ ಜಾಗ ಬಿಡಬೇಕಿತ್ತು. ಆಂಪನ್ನು ತಳ್ಳುಗಾಡಿಯಲ್ಲಿ ಗೋದಾಮಿನ ಹಿಂದಕ್ಕೆ ತಂದು ತಂತಿ ಸುತ್ತುವಾಗ ಯುಫೆನ್‌ಗೆ ಅದರ ಬೆನ್ನಿಗೆ ಏನೋ ಅಂಟಿಸಿದ್ದು ಕಂಡಿತು, ಕಿತ್ತು ನೋಡಿದಳು. ಇನ್ನೊಂದು ಹಸಿರು ಪೊಟ್ಟಣ. ಹೊಚ್ಚ ಹೊಸದು, ತಾರೀಖಿಗೆ ಇನ್ನೂ ಆರು ತಿಂಗಳಿತ್ತು. ಅದರ ಮೇಲೆ ದಪ್ಪ ಮಸಿಯಲ್ಲಿ ಬರೆದಿತ್ತು: 'ಅತ್ತೇ, ನನ್ನ ಜೊತೆಯಲ್ಲೇ ಇದ್ದುಬಿಡು. ಲೀಹಾನ್.'

ಲೀಹಾನ್ ಎರಡು ಲೋಟ ಪಪಾಯ ಹಾಲು ಹಿಡಿದು ಬಂದವಳು ಯುಫೆನ್‌ಳ ಕೈಯಲ್ಲಿದ್ದದ್ದನ್ನು ನೋಡಿ ನಿಂತುಬಿಟ್ಟಳು. ಮುಖ ಕಿವಿಯವರೆಗೆ ಕೆಂಪಾಯಿತು.

"ನೀವಿಟ್ಟಿದ್ದರ ತಾರೀಖು ಮುಗಿದಿತ್ತು ಅಕ್ಕ," ಎಂದಳು.

"ಗೊತ್ತು. ಬೇಕಂತಲೇ ಇಟ್ಟೆ."

"ನಾನೂ ಬೇಕಂತಲೇ ಬರೆದೆ."

ಲೋಟಗಳನ್ನು ಎಲ್ಲಿಡುವುದೆಂದು ತಿಳಿಯದೆ ಹುಡುಗಿ ಹಿಡಿದೇ ನಿಂತಿದ್ದಳು.

"ನನಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚು," ಎಂದಳು ಯುಫೆನ್. ಮೂರು ತಿಂಗಳಿನಿಂದ ಗಂಟಲಲ್ಲಿದ್ದ ಮಾತು ಇಷ್ಟು ಸಲೀಸಾಗಿ ಬಂದದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು. "ಗುರುವಾರ ಬಂತು ಅಂದ್ರೆ ಆ-ಗುವೋ ನನ್ನೆದುರು ಕೂತು ನಿನ್ನನ್ನ ಹೊಗಳ್ತಾನೆ. ಗಂಜಿ ಮುಗಿಯೋವರೆಗೂ."

ಲೀಹಾನ್ ಕಣ್ಣು ಅರಳಿಸಿ ನೋಡಿದಳು. "ನನ್ನನ್ನಾ? ನನ್ನೆದುರು ಒಂದು ಒಳ್ಳೆ ಮಾತು ಆಡಿಲ್ಲ ಅವರು."

"ಮತ್ತೇನಾಡ್ತಾನೆ?"

"ಯುಫೆನ್ ಇಲ್ಲಿ ಕಾಯ್ತಾಳೆ. ಯುಫೆನ್ ಇಷ್ಟೊಂದು ನುಡಿಸಲ್ಲ. ಯುಫೆನ್ ಇದ್ದಿದ್ರೆ ನಾನು ಕಣ್ಣು ಮುಚ್ಕೊಂಡು ಬಾರಿಸ್ತಿದ್ದೆ. ಹಾಡಿಗೆ ಹತ್ತು ಸಲ ನಿಲ್ಲಿಸಿ ಇದೇ ಮಾತು." ಹುಡುಗಿಯ ದನಿ ಒಡೆಯಿತು. "ಎಷ್ಟು ಸಲ ಬಚ್ಚಲಲ್ಲಿ ಹೋಗಿ ಅತ್ತಿದ್ದೀನಿ ಗೊತ್ತಾ? ಕೊನೆಗೆ ನಿಮ್ಮ ಹಾಗೇ ನುಡಿಸಿದೆ, ಆಗ ಬಾಯಿ ಮುಚ್ಚಿದ್ರು. ನಿಮ್ಮ ಹೆಸರು ಕೇಳಿದ್ರೆ ನನಗೆ ಮೈಯೆಲ್ಲ ಉರಿಯತ್ತೆ ಅಕ್ಕ."

ಯುಫೆನ್ ಆಂಪಿನ ಮೇಲೆ ಕೂತಳು. ಒಂದು ಲೋಟ ಇಸಿದುಕೊಂಡು ದೊಡ್ಡ ಗುಟುಕು ಕುಡಿದಳು.

"ಮಂಗಳವಾರ ಅಭ್ಯಾಸಕ್ಕೆ ನಾನು ಬರ್ತೀನಿ. ಜಾಗ ನಂದು."

"ಬಿಟ್ಟುಕೊಡೋಕೆ ನನಗೆ ಮನಸ್ಸಿಲ್ಲ," ಎಂದಳು ಲೀಹಾನ್, ಮೂಗು ಒರೆಸಿಕೊಳ್ಳುತ್ತ.

"ಇರಬಾರ್ದು. ಆ ಮನಸ್ಸಿದ್ದಿದ್ರೆ ನಿನ್ನನ್ನ ಬೇಸ್ ನುಡಿಸೋಳು ಅಂತಾನೇ ಅಂತಿರ್ಲಿಲ್ಲ. ಆದ್ರೂ ಜಾಗ ನಂದೇ."

ಲೀಹಾನ್ ಗೋಡೆಗೆ ಒರಗಿ ತನ್ನ ಲೋಟ ಕುಡಿಯತೊಡಗಿದಳು. ಅತ್ತಲಿಂದ ಆ-ಗುವೋ ಇಬ್ಬರ ಹೆಸರನ್ನೂ ಹಿಡಿದು ಕೂಗುತ್ತಿದ್ದ. ಇಬ್ಬರೂ ತಿರುಗಿ ನೋಡಲಿಲ್ಲ.

ಯುಫೆನ್ ಪಕ್ಕಕ್ಕೆ ಸರಿದು ಹುಡುಗಿಗೆ ಕೂರಲು ಜಾಗ ಮಾಡಿದಳು. "ಆ ಕಣ್ಣು ಮುಚ್ಕೊಂಡು ಬಾರಿಸ್ತಿದ್ದೆ ಅಂದನಲ್ಲ," ಎಂದಳು, "ಅದನ್ನ ಯಾವ ಹಾಡಿಗೆ ಅಂದ? ಅವಸರ ಇಲ್ಲ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು."