ಬೇಗ ಬಂದ ಉತ್ತರ

ಬಟ್ಟೆ ಹಿಂಡಿ ತಂತಿಗೆ ಹಾಕುತ್ತಿದ್ದೆ. ಬಾಯಲ್ಲಿ ಕ್ಲಿಪ್ಪು, ಹೆಗಲ ಮೇಲೆ ಮಗಳ ಒದ್ದೆ ಅಂಗಿ. ಆಗಲೇ ತಮ್ಮನ ಫೋನ್ ಬಂತು. ಅವನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಮೇಷ್ಟ್ರು.

"ಅಕ್ಕಾ, ನಾಳೆ ಬೆಳಗ್ಗೆ ಈಜು ಕ್ಲಾಸಿಗೆ ಆನ್‌ಲೈನ್ ನೋಂದಣಿ. ನಿನ್ನ ಸರ್ವರ್ ಹೋದ ವರ್ಷದ ಹಾಗೆ ಕೈ ಕೊಡಲ್ಲ ತಾನೇ?"

"ಹೋದ ವರ್ಷದ್ದು ನಂದಲ್ಲಪ್ಪ. ಈ ವರ್ಷದ್ದು ಮಾತ್ರ ನನ್ನ ತಲೆ ಮೇಲಿದೆ. ಈಗಲೇ ಪರೀಕ್ಷೆ ಮಾಡ್ತೀನಿ, ಲೈನಲ್ಲೇ ಇರು."

"ಮೊದಲು ಬಾಯಲ್ಲಿರೋದನ್ನ ತೆಗಿ. ಒಂದಕ್ಷರ ಅರ್ಥ ಆಗ್ತಿಲ್ಲ."

ಹೋದ ವರ್ಷ ಮಗಳು ಕಂಪ್ಯೂಟರ್ ಮುಂದೆ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡೇ ಕಾದಿದ್ದಳು. ಒತ್ತಿದ ಮರುಕ್ಷಣ, ಕಣ್ಣು ಮಿಟುಕಿಸುವಷ್ಟರಲ್ಲಿ, 'ಕ್ಷಮಿಸಿ, ಆಮೇಲೆ ಬನ್ನಿ' ಎಂದು ಬಂತು. ಎಷ್ಟು ಸಲ ಒತ್ತಿದರೂ ಅದೇ. ಅಳಲಿಲ್ಲ, ಹೊಸ ಈಜುಟೋಪಿಯನ್ನು ಬೀರುವಿನ ತಳಕ್ಕೆ ತಳ್ಳಿಬಿಟ್ಟಳು. ಇವತ್ತು ಅದನ್ನು ಹಾಕಿಕೊಂಡೇ ಹಾಸಿಗೆಯಿಂದ ಎದ್ದಿದ್ದಾಳೆ.

ಕಂಪ್ಯೂಟರ್ ಮುಂದೆ ಕೂತೆ. ಅವಳು ಕುರ್ಚಿಯ ಕೈಗೆ ಆತುಕೊಂಡು ನಿಂತಳು. ಪ್ರಶ್ನೆ ಕೇಳುವ ಹುಡುಗಿಯಲ್ಲ ಅವಳು. ಶಾಲೆಯಲ್ಲೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಾಳೆ. ನಾನು ಎಳೆದು ತೆಗೆಯಲು ಹೋಗುವುದಿಲ್ಲ. ಕೆಲಸ ಮಾಡುತ್ತಲೇ ಅವಳಿಗೆ ಹೇಳುತ್ತಾ ಹೋದೆ.

"ನೋಡು, ಇದು ನೂರಾರು ಜನ ಒಟ್ಟಿಗೆ ಬಂದ ಹಾಗೆ ನಟಿಸೋ ಪ್ರೋಗ್ರಾಂ. ಇದನ್ನ ಸರ್ವರ್ ಒಳಗೇ ಓಡಿಸಬಾರದು. ಅಡುಗೆ ಮಾಡೋಳೇ ಊಟಕ್ಕೂ ಕೂತ್ರೆ ಬಡಿಸೋರು ಯಾರು? ಅದಕ್ಕೇ ನಮ್ಮ ಮನೆಯಿಂದ ಓಡಿಸ್ತಿದೀನಿ."

ಮೊದಲ ಓಟದ ಲೆಕ್ಕವನ್ನು ಬಿಟ್ಟೆ. ಆಗಷ್ಟೇ ಹೊತ್ತಿಸಿದ ಒಲೆಯ ಹಾಗೆ, ಸರ್ವರ್ ಕೂಡ ಕಾವೇರಲು ಸ್ವಲ್ಪ ಹೊತ್ತು ಬೇಕು. ಆಮೇಲಿನ ಓಟದಲ್ಲಿ ಇನ್ನೂರು ಜನರಿಗೆ ಪುಟ ಅರ್ಧ ಸೆಕೆಂಡಿನಲ್ಲಿ ತೆರೆಯಿತು. ಜನರನ್ನು ಸಾವಿರಕ್ಕೆ ಏರಿಸಿದೆ, ಬೇರೇನನ್ನೂ ಮುಟ್ಟಲಿಲ್ಲ. ಉಪ್ಪು, ಹುಳಿ ಎರಡನ್ನೂ ಒಟ್ಟಿಗೆ ಸುರಿದರೆ ರುಚಿ ಯಾವುದರಿಂದ ಬದಲಾಯಿತೆಂದು ತಿಳಿಯುವುದು ಹೇಗೆ?

ಸಾವಿರ ಜನರಿಗೆ ಇನ್ನೂ ಬೇಗ ಉತ್ತರ ಬಂತು. ಸೆಕೆಂಡಿನ ಹತ್ತನೇ ಒಂದು ಭಾಗ.

"ಏನಕ್ಕಾ, ಸದ್ದೇ ಇಲ್ಲ. ಮಲಗಿತಾ?"

"ಮಲಗೋದೇನು, ಓಡ್ತಿದೆ ಕಣೋ. ಜನ ಜಾಸ್ತಿಯಾದ ಹಾಗೆ ಚುರುಕಾಗ್ತಿದೆ."

"ನಮ್ಮಕ್ಕ ಅಂದ್ರೆ ಸುಮ್ನೇನಾ? ಹಾಗಾದ್ರೆ ಎಲ್ಲರಿಗೂ ಹೇಳ್ಬಿಡ್ತೀನಿ, ನಾಳೆ ಧೈರ್ಯವಾಗಿ ಬನ್ನಿ ಅಂತ."

ನನಗೂ ಮನಸ್ಸು ತುಂಬಿತ್ತು. ಕಿಟಕಿಯಾಚೆ ಅರ್ಧ ತಂತಿ ಬಟ್ಟೆ ಗಾಳಿಗೆ ಆಡುತ್ತಿತ್ತು, ಉಳಿದರ್ಧ ಬಕೆಟ್ಟಿನಲ್ಲೇ ಇತ್ತು. ಏಳಬೇಕೆಂದುಕೊಂಡವಳು ಮಗಳ ಮುಖ ನೋಡಿ ಕೂತೆ. ಅವಳ ಕಣ್ಣು ಪರದೆಯ ಆ ಪುಟ್ಟ ಅಂಕಿಯ ಮೇಲೇ ನೆಟ್ಟಿತ್ತು. ತುಟಿ ತೆರೆಯಿತು, ಮುಚ್ಚಿತು. ಕೈ ಮೇಲೆ ಹೋಗಿ ಟೋಪಿಯ ಅಂಚನ್ನು ಹಿಡಿದುಕೊಂಡಿತು.

"ಹೇಳ್ಬಿಡ್ಲಾ ಅಕ್ಕಾ?"

"ಒಂದು ನಿಮಿಷ ತಾಳೋ," ಎಂದೆ.

ಕಾದೆ. ಹೆಗಲ ಮೇಲೇ ಉಳಿದಿದ್ದ ಅವಳ ಅಂಗಿಯಿಂದ ನನ್ನ ಬೆನ್ನಿಗೆ ತಣ್ಣಗೆ ನೀರಿಳಿಯುತ್ತಿತ್ತು.

"ಅಮ್ಮಾ," ಎಂದಳು ಕೊನೆಗೆ, "ಅಷ್ಟು ಬೇಗ ಬಂತಲ್ಲ ಉತ್ತರ, ಅದರಲ್ಲಿ ಏನಂತ ಬರೆದಿತ್ತು?"